ಇನ್ನೂ ಇರುತ್ತೆ ಬಿಡು

ಬಸವೇಶ್ವರನಗರ
೯ ಫೆಬ್ರುವರಿ ೨೦೨೫

ಪ್ರೀತಿಯ ವಚನಾ,

ಅಪ್ಪನ ಆಶೀರ್ವಾದಗಳು. ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಹಾಸ್ಟೆಲ್ ವಿಳಾಸಕ್ಕೆ ಈ ಕಾಗದ. ಎರಡು ಮೂರು ಸಲ ಬರೆದು ಹರಿದು ಹಾಕಿದೆ, ತಡವಾಯಿತು, ಕ್ಷಮಿಸು. ಅಮ್ಮ ಚೆನ್ನಾಗಿದ್ದಾಳೆ. ನನ್ನ ಜೊತೆ ಮಾತು ಮಾತ್ರ ಬಿಟ್ಟಿದ್ದಾಳೆ.

ನೀನು ಮೊದಲ ಸಲ ಒಬ್ಬಳೇ ವಿಮಾನ ಹಾರಿಸಿದಾಗ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಿಸಿದವನು ನಾನು. ಅದರಲ್ಲಿ ನಿನ್ನ ಹೆಸರಿಗಿಂತ ನನ್ನ ಹೆಸರೇ ದೊಡ್ಡದಾಗಿದೆ ಎಂದು ನೀನು ನಕ್ಕಿದ್ದೆ. ಆಮೇಲೆ ನೀನು ಹಾರಿಸುತ್ತಿದ್ದ ವಿಮಾನ ಹೊಲಕ್ಕೆ ಬಿದ್ದ ಮರುದಿನ ಬೆಳಿಗ್ಗೆ ನಾನೇ ಹೋಗಿ ಆ ಫ್ಲೆಕ್ಸ್ ಬಿಚ್ಚಿದೆ. ಎದುರುಮನೆ ಶಿವಗಂಗಮ್ಮನವರು ಕೇಳಿದ್ದಕ್ಕೆ ಇಂಜಿನ್ ಕೆಟ್ಟಿತ್ತು, ಫ್ಲೈಯಿಂಗ್ ಸ್ಕೂಲಿನವರ ಮೇಲೆ ಕೇಸ್ ಹಾಕುತ್ತೇನೆ ಎಂದು ಕೂಗಾಡಿದೆ. ತನಿಖೆಯಲ್ಲಿ ನೀನೂ ಹಾಗೇ ಹೇಳು ಎಂದು ಒತ್ತಾಯ ಮಾಡಿದೆ. ನೀನು ಕೇಳಲಿಲ್ಲ. ಎಡಗಡೆ ಟ್ಯಾಂಕ್ ಬರಿದಾಗಿತ್ತು, ಬಲಗಡೆಯದರಲ್ಲಿ ತುಂಬ ಇಂಧನವಿತ್ತು, ಹೊತ್ತಿಗೆ ಸರಿಯಾಗಿ ಟ್ಯಾಂಕ್ ಬದಲಿಸುವ ತಿರುಗಣೆ ತಿರುಗಿಸಲಿಲ್ಲ, ತಪ್ಪು ನನ್ನದೇ ಎಂದು ಒಪ್ಪಿಕೊಂಡು ಬಂದೆ. ಅವತ್ತು ನಿನ್ನ ಮೇಲೆ ಸಿಟ್ಟು ಬಂತು. ಈಗ ನನ್ನ ಬಗ್ಗೆಯೇ ನಾಚಿಕೆಯಾಗುತ್ತದೆ, ನಮ್ಮ ರಸ್ತೆಯಲ್ಲೇ ತಲೆ ಎತ್ತಿ ಓಡಾಡಲಾರೆ.

ನಿನ್ನೆ ಮಾಗಡಿ ರೋಡಿನಲ್ಲಿ ಸ್ಕೂಟರ್ ನಿಂತುಹೋಯಿತು. ಅಭ್ಯಾಸದಂತೆ ಒಂದು ಕಡೆಗೆ ವಾಲಿಸಿ, ಅಲ್ಲಾಡಿಸಿ, ಕಿಕ್ ಹೊಡೆಯಲು ಹೋದೆ. ಚಿಕ್ಕವಳಿದ್ದಾಗ ನೀನು ಮುಂದೆ ನಿಂತುಕೊಂಡು, "ಅಪ್ಪಾ, ಪೆಟ್ರೋಲ್ ಹಾಕ್ಸಪ್ಪ" ಎನ್ನುತ್ತಿದ್ದೆ. ಬಂಕ್ ದಾಟಿ ಹೋಗುತ್ತಾ ನಾನು ಪ್ರತಿಸಲ ಹೇಳುತ್ತಿದ್ದುದು ಒಂದೇ ಮಾತು: "ಇನ್ನೂ ಇರುತ್ತೆ ಬಿಡು." ನಿನ್ನೆ ಬಂಕಿನವರೆಗೆ ತಳ್ಳಿಕೊಂಡು ಹೋಗಿ ಟ್ಯಾಂಕ್ ತುಂಬಿಸಿದೆ.

ಲೈಸೆನ್ಸ್ ವಿಷಯ ಏನಾದರೂ ಆಗಲಿ, ಮನೆಗೆ ಬಾ. ಯಾರು ಕೇಳಿದರೂ ನೀನು ಹೇಳಿದ್ದನ್ನೇ ನಾನೂ ಹೇಳುತ್ತೇನೆ. ಶಿವಗಂಗಮ್ಮನವರಿಗೆ ಆಗಲೇ ಹೇಳಿಯಾಯಿತು. ಬಸವಣ್ಣ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ಕಲ್ಮೇಶ್

ತಾ.ಕ.: ಆ ದಿನ ಹೊಲದಿಂದಲೇ ಫೋನ್ ಮಾಡಿ, "ಅಪ್ಪಾ, ಇನ್ನೂ ಇರುತ್ತೆ ಅಂದ್ಕೊಂಡೆ" ಎಂದು ನೀನು ಅತ್ತೆ. ಅದು ಯಾರ ಮಾತು ಎಂದು ನನಗೆ ಆ ಕ್ಷಣವೇ ಗೊತ್ತಾಗಿತ್ತು. ಗೊತ್ತಾದದ್ದಕ್ಕೇ ಹೆದರಿ, "ಯಾರ್ಯಾರು ನೋಡಿದ್ರು?" ಎಂದು ಕೇಳಿದೆ. ನಿನ್ನ ಕೈ ಮುರಿದದ್ದು ಮಾರನೆಯ ದಿನ ಅಮ್ಮ ಹೇಳಿ ತಿಳಿಯಿತು. ಈಗ ಕೇಳುತ್ತಿದ್ದೇನೆ, ನೋವು ಹೇಗಿದೆ ಮಗಳೇ?