ಅತ್ತೆ ಕೇಳಿದ ಮೂರನೆಯ ಹಾಡು

14 ಜೂನ್ 2007, ಗುರುವಾರ, ಕಂಪ್ಲಿ

ಇವತ್ತು ಅತ್ತೆಗೆ ಸಿಕ್ಕಿಬಿದ್ದೆ.

ನನ್ನ ತಮ್ಮ ಕೊಟ್ಟ ಡೆತ್ ಮೆಟಲ್ ರಾಕ್ ಆಲ್ಬಂ ವಾರದಿಂದ ಕಿವಿಯಲ್ಲೇ ಇದೆ. ಹಾಡುವವನು ಗಂಟಲು ಹರಿಯುವಂತೆ ಅರಚುತ್ತಾನೆ, ಅದಿರಲಿ, ಪೆಡಲ್ ತುಳಿಯುವ ಡ್ರಮ್ಮಿನವನ ಕಾಲುಗಳನ್ನು ಕೇಳಬೇಕು. ಮೂರನೆಯ ಹಾಡಿನಲ್ಲಿ ಏಳು ಮಾತ್ರೆಯ ತಾಳ ಐದಾಗಿ ಮತ್ತೆ ಏಳಕ್ಕೆ ಬರುವಾಗ ಗಿಟಾರು ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಸೊಸೆಗೆ ತಬಲಾ ಯಾಕೆ ಎಂದು ಈ ಮನೆಯಲ್ಲಿ ಬಿಡಿಸಿ ಎರಡು ವರ್ಷವಾಯಿತು. ಆದರೂ ಅಕ್ಕಿ ಆರಿಸುತ್ತಿದ್ದ ಬೆರಳುಗಳು ಮೊರದ ಮೇಲೆ ತಾವೇ ತಾಳ ಹಿಡಿದವು. ಅತ್ತೆ ಬಂದು ನಿಂತದ್ದು ತಿಳಿಯಲಿಲ್ಲ.

"ಏನ್ ಕೇಳಾಕತ್ತೀಯವ್ವ?"

"ವಚನ ರೀ, ಅತ್ತಿ."

"ನನಗೂ ಕೊಡು."

ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತರು. ಅದಿರಿನ ಲಾರಿಗಳ ಜೊತೆ ಸಂಡೂರಿಗೆ ಹೋಗಿರುವ ಗಂಡ ಬಂದ ಕೂಡಲೇ ಅತ್ತೆ ಹೇಳಿಬಿಡುತ್ತಾರೆ ಎಂದುಕೊಂಡೆ. ಹಾಡು ಮುಗಿಯುವವರೆಗೂ ಅವರು ಅಲುಗಾಡಲಿಲ್ಲ.

"ಎಲ್ಲಿ ಕೂಡಿ ಹಾಕ್ಯಾರವ್ವ ಇವನ್ನ?" ಎಂದರು. ಇಯರ್‌ಫೋನ್ ತೆಗೆದು ನನ್ನ ಕೈಗಿಟ್ಟು, "ನಾ ಈ ಮನಿಗೆ ಬಂದಾಗ ಅಕ್ಕಿ ಮಿಲ್ಲು ಹಿತ್ತಲದಾಗ ಇತ್ತು. ಅದು ಚಾಲೂ ಆದ ಕೂಡ್ಲೆ ನಾನೂ ಹಿಂಗ ಒದರ್ತಿದ್ದೆ. ಯಾರಿಗೂ ಕೇಳ್ತಿದ್ದಿಲ್ಲ."

ಒದರುವುದನ್ನು ಯಾವಾಗ ನಿಲ್ಲಿಸಿದಿರಿ ಎಂದು ಕೇಳಲು ಧೈರ್ಯ ಬರಲಿಲ್ಲ.