ಯಾರಿಗೆ ತಿಳಿಸಬೇಕು

ಗೆರಿಂಗ್, ನೆಬ್ರಾಸ್ಕಾ
ಗುರುವಾರ, ಸೆಪ್ಟೆಂಬರ್ 17, 2015

ಪ್ರೀತಿಯ ತಂಗಿ ಲಿಯೋಟಾಗೆ,

ಅಕ್ಕ ಆರ್ವಿಲ್ಲಾಳ ನೆನಪುಗಳು. ಎಡಗಾಲಿನ ಮಂಡಿಯೊಂದನ್ನು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ನೀನು, ಗ್ವೆನ್, ಕರ್ಟ್, ಅವರ ಮಕ್ಕಳು ಎಲ್ಲರೂ ಸೌಖ್ಯವೆಂದು ನಂಬಿದ್ದೇನೆ. ನಿನ್ನ ಕ್ರಿಸ್‌ಮಸ್ ಕಾರ್ಡು ಬಂದು ಒಂಬತ್ತು ತಿಂಗಳಾಯಿತು. ಉತ್ತರ ಬರೆಯದೆ ಕೂತದ್ದು ತಪ್ಪು. ಕಾರ್ಡಿನಲ್ಲಿ ನೀನು ನಿನ್ನ ಹೆಸರು ಬಿಟ್ಟು ಬೇರೇನೂ ಬರೆಯುವುದಿಲ್ಲ, ನಾನೂ ನನ್ನ ಹೆಸರನ್ನಷ್ಟೇ ಬರೆದು ಕಳಿಸುತ್ತೇನೆ. ಇಪ್ಪತ್ತೊಂಬತ್ತು ವರ್ಷದಿಂದ ಹೀಗೇ ನಡೆದಿದೆ. ಇವತ್ತಿನದು ಉದ್ದದ ಕಾಗದ. ಕಾಫಿ ಮಾಡಿಕೊಂಡು, ಕನ್ನಡಕ ಹುಡುಕಿಕೊಂಡು, ಕೂತು ಓದು.

ನನ್ನ ಕೈಲಿ ಈ ಕಾಗದ ಬರೆಸಿದ್ದು ಒಂದು ಕಥೆ. ಅದನ್ನು ಹೇಳಿದವಳು ಓಪಲ್ ಅನ್ನುವ ಹೆಂಗಸು, ಮೊನ್ನೆ ಮಂಗಳವಾರ ಬೆಳಗ್ಗೆ, ಪೇಟೆಯಲ್ಲಿ ಕಾಸು ಹಾಕಿ ಬಟ್ಟೆ ಒಗೆಯುವ ಅಂಗಡಿಯಲ್ಲಿ. ಆ ಕಥೆ ಕೇಳಿದ ಮೇಲೆ ನಿನ್ನನ್ನು ಒಂದು ಮಾತು ಕೇಳಲೇಬೇಕಾಗಿದೆ. ಒಂದು ಕಾರ್ಡಿನ ಮೇಲೆ ನಿನ್ನ ಹೆಸರು ಬರೆದುಕೊಳ್ಳಲಾ? ಇಷ್ಟೇ. ಆದರೆ ಇಷ್ಟನ್ನೇ ಬರೆದರೆ ನಿನಗೆ ತಲೆಬುಡ ತಿಳಿಯುವುದಿಲ್ಲ, ಅದಕ್ಕೇ ಸುದ್ದಿಯಿಂದ ಶುರು ಮಾಡುತ್ತೇನೆ.

ಮನೆ ಮಾರಿದೆ. ನಿನ್ನ ಭಾವ ಎಮಿಲ್ ತೀರಿಹೋದ ಮೇಲೆ ಎರಡು ಚಳಿಗಾಲ ಹೇಗೋ ತಳ್ಳಿದೆ. ಶಾಲೆಯ ಅಡುಗೆಮನೆಯಲ್ಲಿ ದುಡಿದದ್ದಕ್ಕೆ ಬರುವ ಪೆನ್ಷನ್‌ನಲ್ಲಿ ಈ ಮನೆ ಮತ್ತು ನಾನು ಇಬ್ಬರೂ ಬದುಕುವುದು ಸಾಧ್ಯವಿಲ್ಲ. ಇಬ್ಬರಲ್ಲಿ ಒಬ್ಬರನ್ನು ಬಿಡಬೇಕಿತ್ತು, ಮನೆಯನ್ನು ಬಿಟ್ಟೆ. ಮೂವತ್ತನೇ ತಾರೀಕು ಬೀಗದ ಕೈ ಕೊಡಬೇಕು. ಅಲ್ಲಿಂದ ಮುಂದೆ ಎಮಿಲ್‌ನ ಹಸಿರು ಮಿನಿವ್ಯಾನೇ ನನ್ನ ಮನೆ. ನಗಬೇಡ. ನಗುವುದಾದರೂ ನಗು, ನಿನಗೆ ಆ ಹಕ್ಕಿದೆ.

ಇದನ್ನೆಲ್ಲ ಹೇಳಿಕೊಡುವ ಗುರು ಓಪಲ್. ಎಪ್ಪತ್ತಮೂರು ವಯಸ್ಸು, ಸೊಂಟದಲ್ಲಿ ಸದಾ ಒಂದು ಟಾರ್ಚು. ಹನ್ನೊಂದು ವರ್ಷದಿಂದ ಕಾರಿನಲ್ಲೇ ವಾಸ. ಚಳಿಗಾಲಕ್ಕೆ ಅರಿಜೋನಾದ ಮರಳುಗಾಡು, ಬೇಸಿಗೆಗೆ ಯಾವುದಾದರೂ ಕಾಡು, ಬೀಟ್‌ಗೆಡ್ಡೆ ಕೀಳುವ ಕಾಲಕ್ಕೆ ನಮ್ಮೂರು. ಗೆಡ್ಡೆ ರಾಶಿ ಹಾಕುವ ಅಂಗಳದಲ್ಲಿ ನಿಂತು ಲಾರಿಯವರಿಗೆ ಚೀಟಿ ಕೊಡುತ್ತಾಳೆ. ಕೊಯ್ಲಿಗೆ ಹೀಗೆ ಕಾರು ಕಟ್ಟಿಕೊಂಡು ಬರುವವರನ್ನು ನಾವು ಊರಿನವರು ಹೇಗೆ ನೋಡುತ್ತಿದ್ದೆವು ಅನ್ನುವುದು ನಿನಗೂ ಗೊತ್ತು. ನಾನು ಎಷ್ಟೋ ವರ್ಷ ಅವರನ್ನು ಕಂಡರೆ ರಸ್ತೆಯ ಆ ಬದಿಗೆ ದಾಟುತ್ತಿದ್ದೆ. ಈ ವರ್ಷ ನಾನೇ ಎಲೆಕೋಸು ತುಂಬಿದ ಬನ್ನು ಕಟ್ಟಿಕೊಂಡು ಹೋಗಿ ಅವಳ ಕಾರಿನ ಗಾಜು ತಟ್ಟಿದೆ.

"ಕಾರಿನೊಳಕ್ಕೆ ಒಂದು ಸಾಮಾನು ಬಂತು ಅಂದ್ರೆ ಒಂದು ಹೊರಕ್ಕೆ ಹೋಗ್ಬೇಕು" ಅನ್ನುವುದು ಅವಳ ಮೊದಲನೆಯ ಪಾಠ. ನಾನು ಅಮ್ಮನ ಲಟ್ಟಣಿಗೆ ತೋರಿಸಿದೆ. "ಇದು ಯಾತಕ್ಕಮ್ಮಾ, ಬಾಟ್ಲಿ ಉರುಳಿಸಿದ್ರೆ ಆಗಲ್ವಾ?" ಅಂದಳು. ಆಗುತ್ತೆ ಅಂದು, ಲಟ್ಟಣಿಗೆಯನ್ನು ಹಾಸಿಗೆ ಕೆಳಗೆ ಬಚ್ಚಿಟ್ಟೆ.

ಹಾಸಿಗೆಯ ಕೆಲಸ ರೂಬನ್‌ದು. ಪಕ್ಕದ ಮನೆಯವನು, ಶಾಲೆಯ ಬಸ್ಸು ಓಡಿಸುತ್ತಿದ್ದವನು. ಹಿಂದಿನ ಸೀಟುಗಳನ್ನು ಕಿತ್ತು, ಹಲಗೆ ತಂದು, ಅಳತೆ ಪಟ್ಟಿ ಹಿಡಿದು ನಿಂತ.

"ನಿನ್ನ ಎತ್ತರ ಎಷ್ಟು?"

"ಐದಡಿ ಮೂರಂಗುಲ."

"ಈ ಹಲಗೆ ಐದಡಿ ಒಂದಂಗುಲ."

"ಹಾಗಾದ್ರೆ ಬೇರೆ ಹಲಗೆ ತಾ."

"ವಯಸ್ಸಾದ ಮೇಲೆ ಮನುಷ್ಯ ಕುಗ್ತಾನೆ. ಸ್ವಲ್ಪ ದಿನ ತಡ್ಕೋ" ಅಂದ. ಆದರೂ ಬೇರೆ ಹಲಗೆ ತಂದ. ಹಾಸಿಗೆ ಪಕ್ಕ ನಾನಿಟ್ಟಿದ್ದ ಮುಚ್ಚಳವಿರುವ ಬಕೆಟ್ಟು ಯಾತಕ್ಕೆ ಅಂತ ಕೇಳಿದ, ಹೇಳಿದೆ. ಆಮೇಲೆ ಅರ್ಧ ಗಂಟೆ ನನ್ನ ಮುಖ ನೋಡದೆ ಮೊಳೆ ಹೊಡೆದ.

ಕಿಟಕಿಗಳನ್ನು ಮರೆಮಾಡುವುದು ನನ್ನ ಕೆಲಸ. ಅಮ್ಮ ನಮ್ಮ ಫ್ರಾಕಿಗೆ ಹಳೆ ಪೇಪರು ಕತ್ತರಿಸಿಕೊಳ್ಳುತ್ತಿದ್ದಳಲ್ಲ, ಹಾಗೇ ಒಂದೊಂದು ಗಾಜಿಗೂ ಪೇಪರಿನಲ್ಲಿ ಅಳತೆ ತೆಗೆದು ದಪ್ಪ ಬಟ್ಟೆ ಹೊಲಿದೆ. ಕೊನೆಯ ಪಾಠ ಅಭ್ಯಾಸದ್ದು. ಹೊರಡುವ ಮುಂಚೆ ಮೂರು ರಾತ್ರಿ ಮನೆಯಂಗಳದಲ್ಲೇ ಕಾರಿನೊಳಗೆ ಮಲಗಬೇಕು. "ತಪ್ಪು ಮಾಡೋದಿದ್ರೆ ಸ್ವಂತ ಅಂಗಳದಲ್ಲಿ ಮಾಡು, ಹತ್ತು ಹೆಜ್ಜೆ ಹಾಕಿದ್ರೆ ಮನೆ" ಅಂದಳು ಓಪಲ್.

ಸೋಮವಾರ ಮೊದಲ ಸಲ ಮಲಗಿದೆ. ಗಾಳಿ ಬರಬಾರದು ಅಂತ ಎಲ್ಲಾ ಕಿಟಕಿ ಭದ್ರವಾಗಿ ಮುಚ್ಚಿದ್ದೆ. ಬೆಳಗ್ಗೆ ಎದ್ದು ನೋಡಿದರೆ ಗಾಜಿನ ಮೇಲಿಂದ ನೀರು ಇಳಿಯುತ್ತಿತ್ತು. ದಿಂಬು ಒದ್ದೆ, ಕಂಬಳಿಯ ಅಂಚು ಒದ್ದೆ, ನನ್ನ ಕೂದಲು ಒದ್ದೆ. ಮಳೆ ಬಂದಿರಲಿಲ್ಲ. ಅಷ್ಟೂ ನನ್ನ ಉಸಿರೇ.

ಎಷ್ಟೋ ಹೊತ್ತು ಎದ್ದು ಹೋಗಲು ಆಗಲಿಲ್ಲ ಲಿಯೋಟಾ. ನಾನು ಕಾರು ನಿಲ್ಲಿಸಿದ್ದು ಗ್ಯಾರೇಜಿನ ಪಕ್ಕ, ಎಲ್ಮ್ ಮರದ ಕೆಳಗೆ. ಎಂಬತ್ತಾರನೇ ಇಸವಿ ಅಕ್ಟೋಬರಿನಲ್ಲಿ ನಿನ್ನ ಆ ಗಂಡನನ್ನು ಬಿಟ್ಟು, ಏಳು ವರ್ಷದ ಗ್ವೆನ್‌ಳನ್ನೂ ನಾಲ್ಕು ವರ್ಷದ ಕರ್ಟ್‌ನನ್ನೂ ಕರಕೊಂಡು ಬಂದು ನೀನು ನಿನ್ನ ಸ್ಟೇಷನ್ ವ್ಯಾಗನ್ ಕಾರು ನಿಲ್ಲಿಸಿದ್ದು ಅಲ್ಲೇ. ನಮ್ಮ ಮೇಜಿನಲ್ಲಿ ಊಟ ಮಾಡಿದಿರಿ. ಊಟವಾದ ಮೇಲೆ, ಮನೆಯಲ್ಲಿ ಮಕ್ಕಳ ಗಲಾಟೆ ಎಮಿಲ್‌ಗೆ ಆಗುವುದಿಲ್ಲ ಅಂತ ನಾನು ನಿನಗೆ ಹೇಳಿದೆ. ನೀನು ತಟ್ಟೆಗಳನ್ನೆಲ್ಲ ತೊಳೆದಿಟ್ಟು, ಮಕ್ಕಳನ್ನು ಹೊರಗೆ ಕರಕೊಂಡು ಹೋದೆ. ಎರಡು ರಾತ್ರಿ ಕಾರಿನಲ್ಲಿ ಮಲಗಿ ಮೂರನೆಯ ದಿನ ಆರೆಗಾನ್‌ಗೆ ಹೊರಟುಹೋದೆ. ಅವತ್ತು ನೆಲದ ಮೇಲೆ ಹಿಮ ಇತ್ತು.

ಒಬ್ಬಳ ಉಸಿರಿಗೇ ಇಷ್ಟು ನೀರು. ಮೂರು ಜನರ ಉಸಿರಿಗೆ ಎಷ್ಟು? ಮಕ್ಕಳ ಕಂಬಳಿ ಒದ್ದೆಯಾಯಿತಾ? ಕಿಟಕಿಯನ್ನು ಒಂದು ಬೆರಳಷ್ಟು ತೆರೆದಿಡಬೇಕು ಅಂತ ನಿನಗೆ ಗೊತ್ತಿತ್ತಾ? ನನಗಾದರೆ ಹೇಳಿಕೊಡಲು ಓಪಲ್ ಇದ್ದಾಳೆ, ಹಲಗೆ ಕುಯ್ಯಲು ರೂಬನ್ ಇದ್ದಾನೆ. ನಿನಗೆ ಯಾರಿದ್ದರು?

ಒದ್ದೆ ಕಂಬಳಿಗಳನ್ನು ತೆಗೆದುಕೊಂಡು ಮಂಗಳವಾರ ಬಟ್ಟೆ ಒಗೆಯುವ ಅಂಗಡಿಗೆ ಹೋದೆ. ಬುಟ್ಟಿ ಹೊರಲು ರೂಬನ್ ಬಂದ. ಓಪಲ್ ಅಲ್ಲೇ ಇದ್ದಳು. ಡೆಲ್ಬರ್ಟ್ ಕೂಡ ಇದ್ದ. ಟಪಾಲು ಹಂಚುತ್ತಿದ್ದವನು, ಈಗ ನಿವೃತ್ತ. ಅವನೂ ನನ್ನ ಹಾಗೇ ಗಾಡಿಯಲ್ಲಿ ಸಂಸಾರ ಹೂಡಲು ತಯಾರಾಗುತ್ತಿದ್ದಾನೆ. ನನ್ನ ಕಂಬಳಿ ನೋಡಿ ಓಪಲ್ ನಕ್ಕೂ ನಕ್ಕೂ ಬೆಂಚಿನ ಮೇಲೆ ಕೂತಳು. ಆಮೇಲೆ ಕೇಳಿದಳು, "ಎಲ್ಲಾ ಆಯ್ತು, ನಿಮ್ಮಿಬ್ಬರ ಕಾರ್ಡು ಎಲ್ಲಿ?"

"ಯಾವ ಕಾರ್ಡು?"

"ನಿಮಗೇನಾದ್ರೂ ಆದ್ರೆ ಯಾರಿಗೆ ತಿಳಿಸ್ಬೇಕು ಅಂತ ಬರೆದಿಟ್ಕೊಳ್ಳೋ ಕಾರ್ಡು."

ಡೆಲ್ಬರ್ಟ್ ತಿರುಗುತ್ತಿದ್ದ ಮೆಷೀನಿನ ಗಾಜನ್ನೇ ನೋಡುತ್ತ ಕೂತ. ಆಗ ಅವಳು ಈ ಕಥೆ ಹೇಳಿದಳು.

ಅರಿಜೋನಾದಲ್ಲಿ ಮೂರು ಚಳಿಗಾಲ ಅವಳ ಪಕ್ಕದಲ್ಲೇ ಗಾಡಿ ನಿಲ್ಲಿಸುತ್ತಿದ್ದ ಒಬ್ಬನಿದ್ದನಂತೆ, ವೆಂಡೆಲ್ ಅಂತ. ಬಲು ಅಚ್ಚುಕಟ್ಟಿನ ಮನುಷ್ಯ. ಗಾಡಿಯಲ್ಲಿದ್ದ ಪ್ರತಿಯೊಂದು ಡಬ್ಬಿಗೂ ಚೀಟಿ. ಉಪ್ಪು, ಸಕ್ಕರೆ, ಸಣ್ಣ ಮೊಳೆ, ದೊಡ್ಡ ಮೊಳೆ, ಬಗ್ಗಿದ ಮೊಳೆ. ಯಾರಿಗೆ ಏನು ಬೇಕಾದರೂ ಅವನ ಹತ್ತಿರ ಸಿಗುತ್ತಿತ್ತು. ಒಂದು ದಿನ ಹತ್ತು ಗಂಟೆಯಾದರೂ ಅವನ ಕಿಟಕಿಯ ಪರದೆ ಸರಿಯಲಿಲ್ಲ. ಬಾಗಿಲು ತೆಗೆಸಿ ನೋಡಿದರೆ ನಿದ್ದೆಯಲ್ಲೇ ಹೋಗಿಬಿಟ್ಟಿದ್ದ. ಪೊಲೀಸಿನವನೊಬ್ಬ ಬಂದ. ಇಷ್ಟು ಅಚ್ಚುಕಟ್ಟಾದವನು ಕಾರ್ಡು ಇಟ್ಟಿರದೆ ಇರುತ್ತಾನೆಯೇ? ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇತ್ತು. 'ನನಗೆ ಏನಾದರೂ ಆದರೆ ಇವರಿಗೆ ತಿಳಿಸಿ' ಅಂತ ಮೇಲೆ ಶಾಯಿಯಲ್ಲಿ ಮುದ್ದಾಗಿ ಬರೆದಿತ್ತು. ಕೆಳಗೆ ಹೆಸರು ಬರೆಯುವ ಜಾಗದಲ್ಲಿ ಪೆನ್ಸಿಲಿನಿಂದ ಬರೆದು, ಅಳಿಸಿ, ಮತ್ತೆ ಬರೆದು, ಮತ್ತೆ ಅಳಿಸಿ, ಕಾಗದ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿತ್ತು. ಬಿಸಿಲಿಗೆ ಹಿಡಿದು ನೋಡಿದರೂ ಒಂದಕ್ಷರ ತಿಳಿಯಲಿಲ್ಲ.

"ಇವನಿಗೆ ಯಾರೂ ಇರ್ಲಿಲ್ವಾ?" ಅಂತ ಪೊಲೀಸಿನವನು ಕೇಳಿದನಂತೆ.

"ಇದ್ರಪ್ಪ. ಕೇಳೋಕೆ ಇವನಿಗೆ ಧೈರ್ಯ ಇರ್ಲಿಲ್ಲ" ಅಂದಳಂತೆ ಓಪಲ್.

ಕಥೆ ಮುಗಿಯಿತು. ಮೆಷೀನು ನಿಂತು ಕೂಗಿಕೊಂಡಿತು, ಯಾರೂ ಏಳಲಿಲ್ಲ. ಕೊನೆಗೆ ನಾನೇ ಕೇಳಿದೆ, "ಕೇಳದೆ ಸುಮ್ಮನೆ ಬರೆದುಕೊಂಡರೆ ಏನಾಗುತ್ತೆ?"

"ಬರೆದ್ಕೋಬಹುದು" ಅಂದಳು ಓಪಲ್. "ಆದ್ರೆ ನೀನು ಸತ್ತ ದಿನ ಪೊಲೀಸಿನವನು ಅವರ ಬಾಗಿಲು ತಟ್ತಾನೆ. ಅವರು, ಆ ಹೆಂಗಸು ಯಾರೋ ನಮಗೆ ಗೊತ್ತಿಲ್ಲ ಅಂದ್ರೆ? ನಿನಗೇನೂ ಗೊತ್ತಾಗಲ್ಲ ಬಿಡು. ಅವರ ಬಾಯಲ್ಲಿ ಆ ಮಾತು ಆಡಿಸೋದು ಯಾಕೆ, ಬದುಕಿದ್ದಾಗ್ಲೇ ಕೇಳು."

ಮಕ್ಕಳಿಲ್ಲದವಳು ನಾನು. ಎಮಿಲ್ ಇಲ್ಲ. ಆ ಜಾಗದಲ್ಲಿ ಬರೆಯಲು ನನಗಿರುವುದು ನಿನ್ನದೊಂದೇ ಹೆಸರು. ನೀನು ಬಂದು ಏನೂ ಮಾಡಬೇಕಾಗಿಲ್ಲ. ಸುದ್ದಿ ಬಂದಾಗ 'ಹೌದು, ಅವಳು ನನ್ನ ಅಕ್ಕ' ಅಂದರೆ ಸಾಕು. ಎಮಿಲ್‌ನ ಮಣ್ಣಿಗೆ ನೀನು ಬರಲಿಲ್ಲ. ಅದಕ್ಕೆ ನನಗೆ ಸಿಟ್ಟಿಲ್ಲ, ಯಾವತ್ತೂ ಇರಲಿಲ್ಲ.

ಮಾರನೆಯ ದಿನ, ಅಂದರೆ ನಿನ್ನೆ ಬೆಳಗ್ಗೆ, ಡೆಲ್ಬರ್ಟ್ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು, ಒಂಬತ್ತು ವರ್ಷದಿಂದ ಮಾತು ಬಿಟ್ಟ ಮಗನನ್ನು ಹುಡುಕಿಕೊಂಡು ಶೈಯೆನ್‌ಗೆ ಹೋದ. ಇನ್ನೂ ಬಂದಿಲ್ಲ. ಬರದಿರುವುದು ಒಳ್ಳೆಯದೇ ಅನ್ನುತ್ತಾಳೆ ಓಪಲ್. ರೂಬನ್ ನನ್ನ ಹತ್ತಿರ ಬಂದು ತನಗೂ ಒಂದು ಕಾರ್ಡು ಬೇಕು ಅಂದ.

"ನೀನು ಎಲ್ಲಿಗೂ ಹೋಗ್ತಿಲ್ವಲ್ಲೋ" ಅಂದೆ.

"ಮನೇಲಿರೋರು ಸಾಯಲ್ವಾ?" ಅಂದ. ನನ್ನ ಹೆಸರು ಬರೆದುಕೊಂಡ. ವಿಳಾಸದ ಜಾಗದಲ್ಲಿ 'ಹಸಿರು ವ್ಯಾನು' ಅಂತ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ನಾನು ಪೇಟೆಗೆ ಹೋಗಿ ಒಂದು ಕಾರ್ಡು, ಈ ಬರೆಯುವ ಕಾಗದ, ಒಂದು ಅಂಚೆಚೀಟಿ ತಂದೆ.

ದೇವರು ನಿನ್ನನ್ನೂ, ಗ್ವೆನ್ ಮತ್ತು ಕರ್ಟ್‌ನನ್ನೂ, ನಾನು ನೋಡದ ಆ ಮೊಮ್ಮಕ್ಕಳನ್ನೂ ಬೆಚ್ಚಗಿಟ್ಟಿರಲಿ.

ನಿನ್ನ ಅಕ್ಕ,
ಆರ್ವಿಲ್ಲಾ

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಮೇಲೆ ಎಮಿಲ್‌ನ ವಿಷಯ ಬರೆದಿದ್ದೇನಲ್ಲ, ಅವತ್ತು ನಾನು ನಿನಗೆ ಹಾಗೆ ಹೇಳಿದ್ದು ನಿಜ. ಆದರೆ ಹೇಳಿದ ಮಾತು ನಿಜವಲ್ಲ. ಎಮಿಲ್ ಬೇಡ ಅನ್ನಲಿಲ್ಲ. "ಮಕ್ಕಳನ್ನ ಒಳಗೆ ಕರಿ, ಹಿಮ ಬೀಳ್ತಿದೆ" ಅಂತ ಎರಡು ಸಲ ಹೇಳಿದ. ಕೋಣೆಯಲ್ಲಿ ಎರಡು ಮಂಚಕ್ಕೂ ಹಾಸಿಗೆ ಹಾಸಿತ್ತು. ಮಾರನೆಯ ದಿನ ಚರ್ಚಿನ ಹೆಂಗಸರು ಕೌದಿ ಹೊಲಿಯಲು ನಮ್ಮ ಮನೆಗೆ ಬರುವವರಿದ್ದರು. ಗಂಡನನ್ನು ಬಿಟ್ಟು ಕಾರಿನಲ್ಲಿ ಬಂದ ತಂಗಿ ಅಂತ ಅವರಿಗೆ ಹೇಳುವುದಕ್ಕೆ ನನಗೆ ನಾಚಿಕೆಯಾಯಿತು. ಬೇಡ ಅಂದವಳು ನಾನು. ನೀನು ಹೊರಡುವ ಬೆಳಗ್ಗೆ ಎಮಿಲ್ ನಿನ್ನ ಕಾರಿಗೆ ಪೆಟ್ರೋಲು ತುಂಬಿಸಿ, ನಿನ್ನ ಮುಖ ನೋಡಲಾರದೆ ನಿಂತಿದ್ದನಲ್ಲ, ಅದು ಅವನ ತಪ್ಪಿಗಲ್ಲ, ನನ್ನ ತಪ್ಪಿಗೆ. ನೀನು ಅವನನ್ನೇ ದೂರಿಕೊಂಡಿರುವುದು ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ಅವನೂ ಸಾಯುವವರೆಗೆ ನನ್ನನ್ನು ಬಿಟ್ಟುಕೊಡಲಿಲ್ಲ. ಮಣ್ಣಿನ ದಿನ ನಿನಗಾಗಿ ಒಂದು ಕುರ್ಚಿ ಇಡಿಸಿ, ಅದು ಖಾಲಿ ಇದ್ದದ್ದನ್ನು ನೋಡುತ್ತಾ ಕೂತಿದ್ದೆ.

ಇಷ್ಟು ಓದಿದ ಮೇಲೆ ನಿನ್ನ ಹೆಸರು ಬರೆಯಲಾ ಬೇಡವಾ ಹೇಳು. ಬೇಡ ಅಂದರೂ ಒಂದು ಗೆರೆ ಬರೆದು ಕಳಿಸು. ಮೂವತ್ತನೇ ತಾರೀಕಿನವರೆಗೆ ಈ ವಿಳಾಸದಲ್ಲೇ ಇರುತ್ತೇನೆ.