ಈಜುಕೊಳದ ಬಾಗಿಲಿಗೆ ದೇವರ ಹೆಸರಿನ ಬೀಗ

ಕೌನ್ಸಿಲಿನ ಮಾನ್ಯ ಅಧ್ಯಕ್ಷರೇ,

ಸ್ಕಾಟ್ಲೆಂಡಿನ ಭೂಪಟದಲ್ಲಿ ಪಡುವಣ ಮೂಲೆಗೆ ತಳ್ಳಿರುವ ನಮ್ಮ ದ್ವೀಪದಲ್ಲಿ ಇರುವುದು ಒಂದೇ ಈಜುಕೊಳ. ಅದಕ್ಕೆ ನೀವು ಪ್ರತಿ ಭಾನುವಾರ ಬೀಗ ಹಾಕಿಸುತ್ತೀರಿ. ಬಾಗಿಲ ಮೇಲೆ ‘ದೇವರ ದಿನದ ಗೌರವಾರ್ಥ ಮುಚ್ಚಿದೆ’ ಎಂಬ ಫಲಕ. ಆ ಬೀಗ ದೇವರದಲ್ಲ, ನಿಮ್ಮದು ಎಂದು ಹೇಳಲು ಈ ಪತ್ರ.

ನನ್ನ ತಮ್ಮ ಟೊರ್ಮೊಡ್ ಸಿಗಡಿ ದೋಣಿಯಲ್ಲಿ ದುಡಿಯುತ್ತಾನೆ. ಸೋಮವಾರ ನಸುಕಿನಲ್ಲಿ ಹೊರಟರೆ ಮನೆ ಕಾಣುವುದು ಶನಿವಾರ ರಾತ್ರಿ. ಇಲ್ಲಿನ ಎಷ್ಟೋ ಮೀನುಗಾರರಂತೆ ಅವನಿಗೂ ಈಜು ಬಾರದು. ಕಳೆದ ಮಾರ್ಚಿನಲ್ಲಿ ಬಲೆ ಎಳೆಯುವಾಗ ಕಾಲು ಜಾರಿ ಸಮುದ್ರಕ್ಕೆ ಬಿದ್ದ. ಜೊತೆಗಾರ ಕೊಕ್ಕೆಕೋಲನ್ನು ಅವನ ಜಾಕೆಟ್ಟಿಗೆ ಸಿಕ್ಕಿಸಿ ಎಳೆದದ್ದರಿಂದ ಬದುಕಿಕೊಂಡ. ಈಗ ಈಜು ಕಲಿಯಬೇಕೆನ್ನುತ್ತಾನೆ. ಅವನಿಗೆ ಬಿಡುವಿರುವುದು ಭಾನುವಾರ, ಬೆಳಗಿನ ಮತ್ತು ಸಂಜೆಯ ಪ್ರಾರ್ಥನೆಗಳ ನಡುವೆ ಮಾತ್ರ. ಹೌದು, ಅವನು ಎರಡಕ್ಕೂ ಹೋಗುತ್ತಾನೆ. ಹೋಗದವಳು ನಾನು. ಕಲಿಸಲು ಕೊಳದ ಶಿಕ್ಷಕಿ ತಾವಾಗಿಯೇ ಒಪ್ಪಿದ್ದಾರೆ.

ಇದನ್ನು ಕೇಳಲು ನಾವಿಬ್ಬರೂ ನಿಮ್ಮ ಕಚೇರಿಗೆ ಬಂದಿದ್ದೆವು. ನೆನಪಿದೆಯೇ?

“ನೋಡಪ್ಪಾ ಟೊರ್ಮೊಡ್, ನನಗೇನೂ ಅಭ್ಯಂತರ ಇಲ್ಲ. ಜನರ ಧಾರ್ಮಿಕ ಭಾವನೆ ಅಂತ ಒಂದಿದೆಯಲ್ಲ,” ಎಂದಿರಿ.

“ಹಾಗಾದ್ರೆ ಸಮುದ್ರಕ್ಕೂ ಒಂದ್ಮಾತು ಹೇಳ್ಬಿಡಿ ಅಧ್ಯಕ್ಷರೇ, ಉಳಿದ ದಿನ ನನ್ನ ಮುಳುಗಿಸ್ಬೇಡ ಅಂತ.”

“ಚುನಾವಣೆ ಒಂದು ಮುಗೀಲಿ, ನೋಡೋಣ.”

ದೇವರ ಆಜ್ಞೆಗೂ ಚುನಾವಣಾ ವೇಳಾಪಟ್ಟಿ ಇದೆಯೆಂದು ನನಗೆ ಅಂದೇ ಗೊತ್ತಾದದ್ದು.

ಆ ಬೀಗದ ಹಿಂದೆ ಭಾನುವಾರವೂ ಪಂಪು ಓಡುತ್ತದೆ, ನೀರು ಬಿಸಿಯಾಗುತ್ತದೆ, ನೌಕರನೊಬ್ಬ ಬಂದು ಕ್ಲೋರಿನ್ ನೋಡಿ ಹೋಗುತ್ತಾನೆ. ಅದು ‘ಅನಿವಾರ್ಯ ಕೆಲಸ’ವಂತೆ. ಅನಿವಾರ್ಯ ಕೆಲಸಕ್ಕೂ ಕರುಣೆಯ ಕೆಲಸಕ್ಕೂ ನಮ್ಮ ಚರ್ಚು ವಿಶ್ರಾಂತಿಯ ದಿನದಲ್ಲೂ ವಿನಾಯಿತಿ ಕೊಟ್ಟಿದೆ, ನಿಜ. ಆದರೆ ನೀರು ಬೆಚ್ಚಗಿರುವುದು ಅನಿವಾರ್ಯ, ಮೀನುಗಾರ ತೇಲುವುದು ಅಲ್ಲ ಎಂದು ತೀರ್ಮಾನಿಸಿದ ಪ್ರವಾದಿ ಯಾರು? ಪ್ರತಿ ಜನವರಿ ತಾವು ಬಿಸಿಲು ಕಾಯಲು ಟೆನೆರಿಫ್ ದ್ವೀಪಕ್ಕೆ ಹೋಗಿ ಹೋಟೆಲಿನ ಕೊಳದ ಬದಿಯಲ್ಲಿ ಎರಡು ವಾರ ಕಳೆಯುವುದನ್ನು ಊರೇ ಬಲ್ಲದು. ಆ ಕೊಳಕ್ಕೆ ಭಾನುವಾರ ಬೀಗ ಹಾಕಿಸಿದಿರೆಂದು ಯಾರೂ ಹೇಳಿಲ್ಲ. ವಿಶ್ರಾಂತಿಯ ದಿನವನ್ನು ಪಾಲಿಸೆನ್ನುವ ನಾಲ್ಕನೆಯ ಆಜ್ಞೆಯನ್ನು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ತೆಗೆದಿಡಿಸುತ್ತಾರೆಯೇ?

ನನ್ನನ್ನೂ ಕೇಳಿಕೊಂಡೆ: ಇದು ತಮ್ಮನ ಜೀವದ ಚಿಂತೆಯೋ, ಊರ ಹಿರಿಯರನ್ನು ಕೆಣಕುವ ಚಪಲವೋ? ಎರಡೂ ಇದ್ದೀತು. ಅದಕ್ಕೇ ಅಮ್ಮನ ಮುಂದೆ ವಿಷಯ ಇಟ್ಟೆ. ಅಮ್ಮ ಭಾನುವಾರದ ಆಲೂಗಡ್ಡೆಯನ್ನು ಶನಿವಾರವೇ ಸುಲಿದಿಡುವವರು. ಆ ದಿನ ನಾನು ಬಟ್ಟೆ ಒಣಹಾಕಿದರೆ ಕಿಟಕಿಯ ಪರದೆ ಎಳೆದುಕೊಳ್ಳುವವರು. ಬೈಗುಳಕ್ಕೆ ಸಿದ್ಧಳಾಗಿಯೇ ಕೂತಿದ್ದೆ.

“ನಾನಂತೂ ಆ ಕಡೆ ತಲೆ ಹಾಕಲ್ಲ. ಅವನು ಹೋಗೋದೂ ನನಗಿಷ್ಟ ಇಲ್ಲ,” ಎಂದರು. “ಆದ್ರೆ ಬೀಗ ಯಾಕೆ?”

“ಭಾನುವಾರ ಉಳೀಲಿ ಅಂತಂತೆ, ಅಮ್ಮ.”

“ಉಳಿಸೋಕೆ ಆ ಅಧ್ಯಕ್ಷ ಯಾರೇ? ಚಿಕ್ಕವನಿದ್ದಾಗ ಚರ್ಚಲ್ಲಿ ಪಾದ್ರಿಗಳ ಪ್ರಸಂಗದ ಮಧ್ಯೆ ಕಟಕಟ ಅಂತ ಪೆಪ್ಪರ್‌ಮಿಂಟ್ ಕಡೀತಿದ್ದೋನು. ಇಷ್ಟು ವರ್ಷ ಭಾನುವಾರ ನನ್ನ ಸ್ವೆಟರ್ ಹೆಣೆಯೋ ಕಡ್ಡಿಗೆ ಯಾರು ಬೀಗ ಹಾಕಿದ್ರು? ಮುಟ್ಟಬಹುದಿತ್ತು, ಮುಟ್ಟಲಿಲ್ಲ. ಅದು ನನಗೂ ದೇವರಿಗೂ ಇರೋ ಮಾತು. ಬೀಗ ನೋಡಿ ವಾಪಸ್ ಬರೋದು ಭಕ್ತಿ ಏನೇ? ಕುರೀನೂ ಬರುತ್ತೆ.”

ಅಧ್ಯಕ್ಷರೇ, ನಂಬುವವರ ಪರವಾಗಿ ಬೀಗ ಹಾಕಿದ್ದೇನೆಂದು ನೀವು ತಿಳಿದಿದ್ದೀರಿ. ನಂಬದ ನನ್ನಿಂದ ನೀವು ಕಿತ್ತುಕೊಂಡದ್ದು ಒಂದು ಮಧ್ಯಾಹ್ನ. ಅಮ್ಮನಿಂದ ಕಿತ್ತುಕೊಂಡದ್ದು ಅವರು ದೇವರಿಗೆ ತಾವಾಗಿಯೇ ಕೊಡುತ್ತಿದ್ದುದನ್ನು.

ಆದ್ದರಿಂದ ಭಾನುವಾರ ಮಧ್ಯಾಹ್ನ ಒಂದೇ ಒಂದು ಗಂಟೆ ಕೊಳ ತೆರೆಯಿರಿ. ಮನಸ್ಸಿಲ್ಲದ ನೌಕರರನ್ನು ಕರೆಯಬೇಡಿ. ಅದೂ ಆಗದಿದ್ದರೆ ಫಲಕದಿಂದ ದೇವರ ಹೆಸರು ಅಳಿಸಿ ನಿಮ್ಮದನ್ನು ಬರೆಸಿ. ಟೊರ್ಮೊಡ್ ಈ ಸೋಮವಾರವೂ ಕಡಲಿಗೆ ಹೋಗುತ್ತಾನೆ. ನಾಳೆ ಏನಾದರೂ ಆದರೆ ಯಾರನ್ನು ಕೇಳಬೇಕೆಂದು ನಮಗೆ ತಿಳಿದಿರಲಿ.

ನೀವು ತೆರೆದರೆ ತಮ್ಮ ಒಳಗೆ ಹೋಗುತ್ತಾನೆ. ಅಮ್ಮ ಸಂಜೆಯ ಪ್ರಾರ್ಥನೆಗೆ ಸ್ವಲ್ಪ ಬೇಗನೇ ಹೊರಟು, ಬೈಬಲ್ ಹಿಡಿದು, ಅದೇ ಬಾಗಿಲ ಮುಂದೆಯೇ, ಒಳಗೆ ಇಣುಕದೆ ನಡೆದುಹೋಗುತ್ತಾರೆ. ಹಾಗೆ ಹೋಗಲು ಅವರಿಗೂ ಆ ಬಾಗಿಲು ತೆರೆದಿರಬೇಕು.

ಇಂತಿ,
ಭಾನುವಾರ ಬಟ್ಟೆ ಒಣಹಾಕಿ, ನೆರೆಯವರಿಂದಲೂ ಮಳೆಯಿಂದಲೂ ತಕ್ಕ ಶಾಸ್ತಿ ಮಾಡಿಸಿಕೊಂಡಿರುವ
ಇಷ್ಬೆಲ್ ಮ್ಯಾಕ್‌ರಿಚಿ